ಡಾರ್ವಿನ್ ಎಳೆದ ವಂಶವೃಕ್ಷ

ಕಳೆದ ತಿಂಗಳು ವಿಜ್ಞಾನ ವಿಭಾಗದ ಗೆಳತಿ ನನ್ನ ಮುಂದೆ ಮೂರು ಚೀಟಿ ಇಟ್ಟಳು: ಮೊಸಳೆ, ಹಲ್ಲಿ, ಕೋಳಿ. ಇವುಗಳಲ್ಲಿ ಹತ್ತಿರದ ಸಂಬಂಧಿಗಳು ಯಾವ ಎರಡು ಎಂದು ಕೇಳಿದಳು. ಮೊಸಳೆ, ಹಲ್ಲಿ ಎಂದೆ. ತಪ್ಪಂತೆ. ಮೊಸಳೆಗೆ ಹತ್ತಿರದ್ದು ಕೋಳಿ! ರೂಪ ನೋಡಬಾರದು, ಪೂರ್ವಜರು ಯಾರೆಂದು ನೋಡಬೇಕು ಎನ್ನುತ್ತಾ ಕವಲು ಕವಲಾದ ಗೆರೆ ಎಳೆದು ತೋರಿಸಿದಳು. ನಮ್ಮ ದಾದಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಿರುವ ಶಜರಾ, ಅಂದರೆ ವಂಶಾವಳಿಯ ಕಾಗದ, ಹಾಗೆಯೇ ಇದೆ. ಅದರಲ್ಲಿ ಯಾರು ಯಾರ ಹಾಗೆ ಕಾಣುತ್ತಾರೆ ಎಂಬುದಿಲ್ಲ, ಯಾರು ಯಾರ ಮಗ ಎಂಬುದಷ್ಟೇ ಇದೆ. ಕಾಮರ್ಸ್ ಓದುವ ನನಗೂ ವಿಷಯ ಅರ್ಥವಾಯಿತು. ಜೀವಿಗಳ ಶಜರಾ ಎಳೆದ ಚಾರ್ಲ್ಸ್ ಡಾರ್ವಿನ್ ಬಗ್ಗೆ ಗ್ರಂಥಾಲಯದಲ್ಲಿ ಹುಡುಕಿ ಓದಿದೆ.

ಡಾರ್ವಿನ್ 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದರು. ತಂದೆ ಡಾಕ್ಟರ್. ಮಗ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟ. ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಕಳಿಸಿದರೆ ಅಲ್ಲಿ ಜೀರುಂಡೆ ಹಿಡಿಯುತ್ತಾ ತಿರುಗಿದ. 1831ರಲ್ಲಿ ಬೀಗಲ್ ಹಡಗು ಹತ್ತಿ ಐದು ವರ್ಷ ಲೋಕ ಸುತ್ತಿದರು. ಗ್ಯಾಲಪಗೋಸ್ ದ್ವೀಪಗಳಲ್ಲಿ ಹಿಡಿದ ಸಣ್ಣ ಹಕ್ಕಿಗಳಲ್ಲಿ ಕೊಕ್ಕು ಬೇರೆ ಬೇರೆ ಇದ್ದವನ್ನು ಬೇರೆ ಬೇರೆ ಜಾತಿಯ ಗುಂಪು ಎಂದುಕೊಂಡಿದ್ದರು. ಅವೆಲ್ಲ ಒಂದೇ ಬಳಗದವು ಎಂದು ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್ ತಿಳಿಸಿದರು. ಅಂದರೆ ಡಾರ್ವಿನ್ ಕೂಡ ಮೊದಲು ನನ್ನಂತೆಯೇ ತಪ್ಪು ಮಾಡಿದ್ದರು! ಅದೇ ವರ್ಷ, 1837ರಲ್ಲಿ, ಟಿಪ್ಪಣಿ ಪುಸ್ತಕದಲ್ಲಿ ಒಂದು ಪುಟ್ಟ ಮರ ಗೀಚಿದರು. ಬುಡದಲ್ಲಿ ಒಬ್ಬ ಪೂರ್ವಜ, ಮೇಲೆ ಕವಲುಗಳು.

ಆದರೆ ಅದನ್ನು ಪ್ರಕಟಿಸಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಡಾರ್ವಿನ್ ಹೆಸರು ಕೇಳಿದರೆ ನಮ್ಮಲ್ಲಿ ಹಲವರಿಗೆ ಹಿಂಜರಿಕೆ, ನನಗೂ ಇತ್ತು. ಅದು ಅವರ ಮನೆಯಲ್ಲೇ ಇತ್ತು ಎಂದು ನನಗೆ ಗೊತ್ತಿರಲಿಲ್ಲ. ಪತ್ನಿ ಎಮ್ಮಾ ದೈವಭಕ್ತೆ. ಮದುವೆಯ ಹೊಸದರಲ್ಲೇ ತಮ್ಮ ಆತಂಕವನ್ನು ಪತ್ರದಲ್ಲಿ ಬರೆದು ಗಂಡನಿಗೆ ಕೊಟ್ಟಿದ್ದರು. ಡಾರ್ವಿನ್ ಆ ಪತ್ರವನ್ನು ಬಿಸಾಡಲಿಲ್ಲ, ಇಟ್ಟುಕೊಂಡರು. ಎಮ್ಮಾ ಅವರನ್ನು ಬಿಡಲಿಲ್ಲ.

ಈ ನಡುವೆ ಎಂಟು ವರ್ಷ ಬಾರ್ನಕಲ್ ಎಂಬ ಜೀವಿಯ ಅಧ್ಯಯನಕ್ಕೇ ಹೋಯಿತು. ಸಮುದ್ರದ ಬಂಡೆಗೆ, ದೋಣಿಯ ತಳಕ್ಕೆ ಅಂಟಿಕೊಳ್ಳುವ ಸಣ್ಣ ಚಿಪ್ಪಿನ ಜೀವಿ ಅದು. ಚಿಪ್ಪು ನೋಡಿ ಹಿಂದಿನ ಪಂಡಿತರು ಬಸವನಹುಳುವಿನ ಗುಂಪಿಗೆ ಸೇರಿಸಿದ್ದರು. ಮರಿಗಳನ್ನು ಗಮನಿಸಿದಾಗ ಅದು ಸಿಗಡಿ, ಏಡಿಗಳ ನೆಂಟ ಎಂದು ಗೊತ್ತಾಗಿತ್ತು. ಡಾರ್ವಿನ್ ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ಬಿಡಿಸಿ ನೋಡಿ ನಾಲ್ಕು ಸಂಪುಟ ಬರೆದರು. ಆ ವರ್ಷಗಳಲ್ಲೇ, 1851ರಲ್ಲಿ, ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ಹೋದರು.

1858ರಲ್ಲಿ ವ್ಯಾಲೇಸ್ ಎಂಬವರು ಇದೇ ವಿಚಾರ ಬರೆದು ಕಳಿಸಿದರು. ಜುಲೈ 1ರಂದು ಇಬ್ಬರ ಬರಹಗಳನ್ನೂ ಲಂಡನ್ನಿನ ವಿದ್ವಾಂಸರ ಸಭೆಯಲ್ಲಿ ಓದಿದರು. ಡಾರ್ವಿನ್ ಅಲ್ಲಿರಲಿಲ್ಲ. ಮೂರು ದಿನ ಹಿಂದಷ್ಟೇ ಅವರ ಕೊನೆಯ ಮಗು, ಒಂದೂವರೆ ವರ್ಷದ ಗಂಡುಕೂಸು, ಜ್ವರದಿಂದ ತೀರಿಕೊಂಡಿತ್ತು.

ಮರುವರ್ಷ ಅವರ ದೊಡ್ಡ ಪುಸ್ತಕ ಬಂತು. ಅದರಲ್ಲಿರುವುದು ಒಂದೇ ಒಂದು ಚಿತ್ರ, ಕವಲೊಡೆದ ಮರದ್ದು. ಯಾವ ಪ್ರಾಣಿಯ ಹೆಸರೂ ಅದರಲ್ಲಿಲ್ಲ, ಬರೀ ಅಕ್ಷರಗಳು, ಗೆರೆಗಳು. ಎಷ್ಟೋ ಗೆರೆಗಳು ಮಧ್ಯದಲ್ಲೇ ನಿಂತುಹೋಗಿವೆ. 1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನೊಳಗೆ, ನ್ಯೂಟನ್ ಸಮಾಧಿಗೆ ಹತ್ತಿರದಲ್ಲೇ ಅವರನ್ನು ಮಣ್ಣು ಮಾಡಿದರು.