ಬಯೋಸ್‌ಗೆ ಹೆಸರಿಟ್ಟ ಗ್ಯಾರಿ ಕಿಲ್ಡಾಲ್: ಆ ವಿಮಾನದ ಕತೆ ಎಷ್ಟು ನಿಜ?

ಬಂದ ಅವಕಾಶ ಬಿಟ್ಟರೆ ಏನಾಗುತ್ತದೆ ಎಂದು ಬುದ್ಧಿ ಹೇಳುವ ಫಾರ್ವರ್ಡ್‌ಗಳಲ್ಲಿ ಒಂದು ಕತೆ ಮತ್ತೆ ಮತ್ತೆ ಬರುತ್ತದೆ. 1980ರಲ್ಲಿ ಐಬಿಎಂ ಕಂಪನಿಯವರು ಒಬ್ಬ ಪ್ರೋಗ್ರಾಮರ್‌ನ ಮನೆ ಬಾಗಿಲಿಗೇ ಬಂದರಂತೆ. ಆತ ಅವರನ್ನು ಕಾಯಿಸಿ ಮೋಜಿಗೆ ವಿಮಾನ ಹಾರಿಸಲು ಹೋದನಂತೆ. ಬೇಸತ್ತ ಐಬಿಎಂನವರು ಬಿಲ್ ಗೇಟ್ಸ್ ಬಳಿ ಹೋದರಂತೆ, ಗೇಟ್ಸ್ ಜಗತ್ತಿನ ಶ್ರೀಮಂತನಾದನಂತೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಆ ಪ್ರೋಗ್ರಾಮರ್ ಹೆಸರು ಗ್ಯಾರಿ ಕಿಲ್ಡಾಲ್. ಅವರ ಹೆಸರು ಕೇಳಿಲ್ಲದವರಿಗೂ ಅವರು ಬಳಕೆಗೆ ತಂದ ಒಂದು ಪದ ಗೊತ್ತಿರುತ್ತದೆ: ಬಯೋಸ್. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರನ್ನು ಕೇಳಿ ನೋಡಿ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಬಯೋಸ್ ಅಪ್‌ಡೇಟ್ ಮಾಡಬೇಕಾಗಬಹುದು ಎನ್ನುತ್ತಾರೆ. ಏನಿದು ಬಯೋಸ್? ಇದಕ್ಕೂ ವಿಮಾನದ ಕತೆಗೂ ಏನು ಸಂಬಂಧ? ನೋಡೋಣ.

ನಾವಿಕರ ಶಾಲೆಯಿಂದ ಕಂಪ್ಯೂಟರ್‌ಗೆ

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಮನೆಯವರು ಹಡಗಿನ ನಾವಿಕರಿಗೆ ತರಬೇತಿ ಕೊಡುವ ಶಾಲೆ ನಡೆಸುತ್ತಿದ್ದರು. ಗಣಿತದ ಮೇಷ್ಟ್ರಾಗಬೇಕು ಎಂದುಕೊಂಡಿದ್ದ ಅವರಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಹುಚ್ಚು ಹಿಡಿಯಿತು. 1972ರಲ್ಲಿ ಅದೇ ವಿಷಯದಲ್ಲಿ ಪಿಎಚ್‌ಡಿ ಪಡೆದರು. ಕಡ್ಡಾಯ ಸೇನಾ ಸೇವೆಯ ಅವಧಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳಿದರು. ಸೇವೆ ಮುಗಿದ ಮೇಲೂ ಅಲ್ಲೇ ಉಳಿದರು.

1971ರಲ್ಲಿ ಇಂಟೆಲ್ ಕಂಪನಿ 4004 ಎಂಬ ಪುಟ್ಟ ಪ್ರೊಸೆಸರ್ ಬಿಡುಗಡೆ ಮಾಡಿತು. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಉಗುರಿನಷ್ಟು ದೊಡ್ಡ ಚಿಪ್ಪೂ ಕಂಪ್ಯೂಟರ್ ಆಗಬಹುದು ಎಂದು ಮೊದಲು ಗುರುತಿಸಿದ ಕೆಲವರಲ್ಲಿ ಕಿಲ್ಡಾಲ್ ಒಬ್ಬರು. ಇಂಟೆಲ್‌ಗೆ ಸಲಹೆಗಾರರಾಗಿ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ರೂಪಿಸಿಕೊಟ್ಟರು.

ಒಂದು ಫ್ಲಾಪಿ ಡ್ರೈವ್‌ನಿಂದ ಶುರುವಾದದ್ದು

ಕಿಲ್ಡಾಲ್ ಬಳಿ ಒಂದು ಫ್ಲಾಪಿ ಡ್ರೈವ್ ಇತ್ತು, ಅದನ್ನು ಪ್ರೊಸೆಸರ್‌ಗೆ ಜೋಡಿಸುವ ಸರ್ಕ್ಯೂಟ್ ಇರಲಿಲ್ಲ. ತಾವೇ ಮಾಡಲು ಹೋಗಿ ಸೋತರು. ಕೊನೆಗೆ ಗೆಳೆಯ ಜಾನ್ ಟೊರೋಡ್ ಅದನ್ನು ಮಾಡಿಕೊಟ್ಟರು. ಡಿಸ್ಕ್‌ನಲ್ಲಿ ಕಡತ ಬರೆಯಲು, ಓದಲು, ಹುಡುಕಲು ಕಿಲ್ಡಾಲ್ ಬರೆದ ತಂತ್ರಾಂಶವೇ ಸಿಪಿ/ಎಂ. ಅದು ಮೊದಲು ಓಡಿದ್ದು 1974ರಲ್ಲಿ, ಮಾಂಟೆರೆ ಪಕ್ಕದ ಪೆಸಿಫಿಕ್ ಗ್ರೋವ್ ಊರಿನಲ್ಲಿ. ಇಂಟೆಲ್ ಅದನ್ನು ಕೊಳ್ಳಲಿಲ್ಲ. ಕಿಲ್ಡಾಲ್ ಮತ್ತು ಪತ್ನಿ ಡೊರೊಥಿ ಸೇರಿ ಸ್ವಂತ ಕಂಪನಿ ಕಟ್ಟಿದರು. ಅದೇ ಡಿಜಿಟಲ್ ರಿಸರ್ಚ್.

ನಿಮ್ಮ ಮನೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದು ಇರುತ್ತದಲ್ಲ? ಡ್ರೈವ್‌ಗೆ ಒಂದೊಂದು ಅಕ್ಷರ ಕೊಡುವ ಆ ಪದ್ಧತಿ ವಿಂಡೋಸ್‌ಗೆ ಬಂದಿರುವುದು ಸಿಪಿ/ಎಂನ ಬಳುವಳಿಯಾಗಿ.

ಅಡುಗೆಯವರು ಮತ್ತು ಛತ್ರದ ಉಸ್ತುವಾರಿ

ಆಗಿನ ಮುಖ್ಯ ತೊಂದರೆ ಬೇರೆಯೇ ಇತ್ತು. ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಬಗೆಯ ಡ್ರೈವ್, ಕೀಲಿಮಣೆ, ಪರದೆ. ಪ್ರತಿ ಹೊಸ ಯಂತ್ರಕ್ಕೂ ಸಿಪಿ/ಎಂ ಅನ್ನು ತಿದ್ದಿ ಬರೆಯಬೇಕಿತ್ತು. ಇಮ್ಸಾಯ್ ಎಂಬ ಕಂಪನಿ ತನ್ನ ಯಂತ್ರಕ್ಕೂ ಬೇಕು ಎಂದು ಬಂದಾಗ ಕಿಲ್ಡಾಲ್ ತಂತ್ರಾಂಶವನ್ನೇ ಎರಡು ಪಾಲು ಮಾಡಿದರು. ಎಲ್ಲ ಯಂತ್ರಗಳಿಗೂ ಒಂದೇ ಆಗುವ ಭಾಗ ಒಂದು ಕಡೆ. ಆಯಾ ಯಂತ್ರದ ಡ್ರೈವ್, ಪರದೆ, ಕೀಲಿಮಣೆ ಜೊತೆ ನೇರವಾಗಿ ವ್ಯವಹರಿಸುವ ಚಿಕ್ಕ ಭಾಗ ಇನ್ನೊಂದು ಕಡೆ. ಈ ಚಿಕ್ಕ ಭಾಗಕ್ಕೆ ಇಟ್ಟ ಹೆಸರು ಬೇಸಿಕ್ ಇನ್‌ಪುಟ್/ಔಟ್‌ಪುಟ್ ಸಿಸ್ಟಮ್, ಅಂದರೆ ಬಯೋಸ್.

ಮದುವೆ ಛತ್ರವನ್ನು ನೆನಪಿಸಿಕೊಳ್ಳಿ. ಅಡುಗೆ ಭಟ್ಟರು ಯಾವ ಛತ್ರಕ್ಕೆ ಹೋದರೂ ಅದೇ ಸಾರು, ಅದೇ ಹೋಳಿಗೆ ಮಾಡುತ್ತಾರೆ. ಆದರೆ ಗ್ಯಾಸ್ ವಾಲ್ವ್ ಎಲ್ಲಿ, ನೀರಿನ ನಲ್ಲಿ ಯಾವುದು, ಉಗ್ರಾಣದ ಬೀಗ ಯಾರ ಬಳಿ ಎಂಬುದು ಆ ಛತ್ರದ ಉಸ್ತುವಾರಿಗೆ ಮಾತ್ರ ಗೊತ್ತು. ಭಟ್ಟರು ಆಪರೇಟಿಂಗ್ ಸಿಸ್ಟಮ್ ಆದರೆ ಉಸ್ತುವಾರಿಯೇ ಬಯೋಸ್. ಛತ್ರ ಬದಲಾದರೆ ಉಸ್ತುವಾರಿ ಬದಲಾಗುತ್ತಾನೆ, ಭಟ್ಟರು ಅಡುಗೆ ಹೊಸದಾಗಿ ಕಲಿಯಬೇಕಿಲ್ಲ.

1979ರ ಸಿಪಿ/ಎಂ 2.2 ಆವೃತ್ತಿಯಲ್ಲಿ ಈ ಉಸ್ತುವಾರಿಗೆ ಕೊಟ್ಟ ಕೆಲಸಗಳು 17 ಮಾತ್ರ. ಆ 17ನ್ನು ಬರೆದುಕೊಂಡರೆ ಯಾವ ಕಂಪನಿಯ ಯಂತ್ರದಲ್ಲೂ ಸಿಪಿ/ಎಂ ಓಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ನೂರಾರು ಬಗೆಯ ಕಂಪ್ಯೂಟರ್‌ಗಳನ್ನು ಸೇರಿತು.

ಆ ದಿನ ಏನಾಯಿತು?

1980ರಲ್ಲಿ ಐಬಿಎಂ ಗುಟ್ಟಾಗಿ ಪುಟ್ಟ ಕಂಪ್ಯೂಟರ್ ತಯಾರಿಸುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ಬೇಕಾದಾಗ ಕಿಲ್ಡಾಲ್ ಬಳಿ ಹೋಗಿ ಎಂದು ದಾರಿ ತೋರಿಸಿದವರು ಸ್ವತಃ ಬಿಲ್ ಗೇಟ್ಸ್. ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದ ದಿನ ಕಿಲ್ಡಾಲ್ ವಿಮಾನದಲ್ಲಿ ಹೋಗಿದ್ದು ನಿಜ. ಹೋಗಿದ್ದು ಮೋಜಿಗಲ್ಲ. ತಮ್ಮದೇ ವಿಮಾನದಲ್ಲಿ ಇನ್ನೊಬ್ಬ ಗಿರಾಕಿ ಬಿಲ್ ಗಾಡ್‌ಬೌಟ್ ಅವರನ್ನು ಕಾಣಲು, ಕಂಪನಿ ಕೆಲಸದ ಮೇಲೆ ಹೋಗಿದ್ದರು. ವ್ಯವಹಾರದ ಒಪ್ಪಂದಗಳನ್ನು ನೋಡಿಕೊಳ್ಳುತ್ತಿದ್ದ ಡೊರೊಥಿ ಕಚೇರಿಯಲ್ಲೇ ಇದ್ದರು.

ಮಾತುಕತೆ ಸಿಕ್ಕಿಕೊಂಡದ್ದು ಐಬಿಎಂ ಸಹಿ ಹಾಕಲು ಕೇಳಿದ ಗೋಪ್ಯತೆ ಒಪ್ಪಂದದಲ್ಲಿ. ಅದು ಪೂರ್ತಿ ಐಬಿಎಂ ಪರವಾಗಿತ್ತು. ಡೊರೊಥಿ ಮತ್ತು ಅವರ ವಕೀಲರು ಸಹಿಗೆ ಹಿಂಜರಿದರು. ಹಣ ಕೊಡುವ ರೀತಿಯಲ್ಲೂ ಒಮ್ಮತ ಮೂಡಲಿಲ್ಲ. ಇತ್ತ ಮೈಕ್ರೋಸಾಫ್ಟ್, ಸಿಯಾಟಲ್‌ನ ಸಣ್ಣ ಕಂಪನಿಯೊಂದರಿಂದ 86-ಡಾಸ್ ಎಂಬ ವ್ಯವಸ್ಥೆಯನ್ನು ಕೊಂಡು ಐಬಿಎಂಗೆ ಕೊಟ್ಟಿತು. ಅದನ್ನು ಬರೆದ ಟಿಮ್ ಪ್ಯಾಟರ್ಸನ್ ಸಿಪಿ/ಎಂ ಕೈಪಿಡಿಯನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದ್ದರು.

ಐಬಿಎಂ ಪಿಸಿ 1981ರ ಆಗಸ್ಟ್ 12ರಂದು ಬಿಡುಗಡೆಯಾಯಿತು. ಕಿಲ್ಡಾಲ್ ಆಕ್ಷೇಪಿಸಿದ ಮೇಲೆ ಸಿಪಿ/ಎಂ ಅನ್ನೂ ಮಾರಲು ಐಬಿಎಂ ಒಪ್ಪಿತು. ಬೆಲೆ ನೋಡಿ: ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240 ಡಾಲರ್. ಜನ ಯಾವುದನ್ನು ಕೊಂಡರು ಎಂದು ಹೇಳಬೇಕಿಲ್ಲ. ಸೋಲಿಗೆ ಅರ್ಧ ದಿನದ ವಿಮಾನ ಪ್ರಯಾಣವೊಂದೇ ಕಾರಣ ಎನ್ನುವುದು ಒಪ್ಪಂದ, ಹಣ, ಬೆಲೆ ಮೂರನ್ನೂ ಬಿಟ್ಟು ಹೇಳುವ ಮಾತು.

ಡಿಸ್‌ಪ್ಲೇ ಬರದಿದ್ದಾಗ ಏನು ಮಾಡಬೇಕು?

ಡಾಸ್ ಗೆದ್ದರೂ ಬಯೋಸ್ ಎಂಬ ಹೆಸರು ಉಳಿಯಿತು. ಐಬಿಎಂ ಆ ಭಾಗವನ್ನು ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲೇ ಇಟ್ಟಿತು. ಮುಂದೆ ತಿದ್ದಿ ಬರೆಯಬಹುದಾದ ಫ್ಲಾಶ್ ಚಿಪ್ ಬಂತು. ಇಂದಿನ ಬೋರ್ಡ್‌ಗಳಲ್ಲಿ ಇರುವುದು ಯುಇಎಫ್‌ಐ ಎಂಬ ಹೊಸ ವ್ಯವಸ್ಥೆ. ಜನರ ಬಾಯಲ್ಲಿ ಅದೂ ಬಯೋಸೇ.

ಬೋರ್ಡ್ ಹಳೆಯದು, ಪ್ರೊಸೆಸರ್ ಹೊಸದು ಆದಾಗ ತೊಂದರೆ ಬರುತ್ತದೆ. ಉಸ್ತುವಾರಿ ಎಂದೂ ಕಾಣದ ಒಲೆ ಛತ್ರಕ್ಕೆ ಬಂದಂತೆ. 2020ರಲ್ಲಿ ರೈಜನ್ 5000 ಪ್ರೊಸೆಸರ್‌ಗಳು ಬಂದಾಗ ಸಾಕೆಟ್ ಅದೇ ಇದ್ದರೂ ಬಿ450ಯಂಥ ಹಳೆಯ ಬೋರ್ಡ್‌ಗಳಿಗೆ ಬಯೋಸ್ ಅಪ್‌ಡೇಟ್ ಬೇಕಾಯಿತು.

ಅಪ್‌ಡೇಟ್‌ಗೆ ಕೈ ಹಾಕುವ ಮುನ್ನ ಇಷ್ಟು ನೋಡಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿದ್ದೀರಾ? ಪ್ರೊಸೆಸರ್‌ಗೆ ಹೋಗುವ ಪವರ್ ಕೇಬಲ್ ಸರಿಯಾಗಿ ಕೂತಿದೆಯೇ? ಡಿಡಿಆರ್5 ರ‍್ಯಾಮ್ ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಕಾಯಿರಿ. ಹಲವು ಬೋರ್ಡ್‌ಗಳ ಅಂಚಿನಲ್ಲಿ ಇರುವ ಪುಟ್ಟ ದೀಪಗಳಲ್ಲಿ ಯಾವುದು ಉರಿಯುತ್ತಿದೆ ಎಂದೂ ನೋಡಿ. ತಡೆ ಪ್ರೊಸೆಸರ್‌ನಲ್ಲೋ ರ‍್ಯಾಮ್‌ನಲ್ಲೋ ಎಂಬ ಸುಳಿವು ಅಲ್ಲಿ ಸಿಗುತ್ತದೆ.

ನಂತರ ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿ ಬೇಕು ಎಂದು ನೋಡಿ. ಬೋರ್ಡ್‌ನ ಹಿಂಬದಿಯಲ್ಲಿ ಫ್ಲಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಕೆಲಸ ಮಾಡದಿದ್ದರೂ ಅಪ್‌ಡೇಟ್ ಸಾಧ್ಯ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಕಡತಕ್ಕೆ ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಇಟ್ಟು, ಗುರುತಿಸಿದ ಯುಎಸ್‌ಬಿ ಕಿಂಡಿಗೇ ಹಾಕಿ. ದೀಪ ಮಿನುಗುತ್ತಿರುವವರೆಗೂ ಸ್ವಿಚ್ ಮುಟ್ಟಬೇಡಿ. ಬಟನ್ ಇಲ್ಲದಿದ್ದರೆ ಅಂಗಡಿಯಲ್ಲಿ ಹಳೆಯ ಪ್ರೊಸೆಸರ್ ಹಾಕಿಸಿ ಅಪ್‌ಡೇಟ್ ಮಾಡಿಸಬಹುದು.

ನಡುವೆ ಕರೆಂಟ್ ಹೋದರೆ ಬೋರ್ಡ್ ಕಸವೇ ಎಂಬ ಮಾತಿದೆ. ಅದು ಅರ್ಧ ನಿಜ. ಬೋರ್ಡ್ ಶುರುವಾಗದೇ ಹೋಗಬಹುದು, ಆದರೆ ಫ್ಲಾಶ್‌ಬ್ಯಾಕ್ ಅಥವಾ ಎರಡನೆಯ ಬಯೋಸ್ ಚಿಪ್ ಇದ್ದರೆ ಉಳಿಸಿಕೊಳ್ಳಬಹುದು. ಮಳೆಗಾಲದ ಸಂಜೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಬಯೋಸ್ ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂಬುದೂ ಸಾಮಾನ್ಯವಾಗಿ ಸುಳ್ಳು. ಹೊಸ ಪ್ರೊಸೆಸರ್, ಸುರಕ್ಷತೆ ಅಥವಾ ಗೊತ್ತಿರುವ ದೋಷಕ್ಕಾಗಿ ಮಾಡಬೇಕು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳ ವೋಲ್ಟೇಜ್ ದೋಷಕ್ಕೆ ಪರಿಹಾರ ಬಂದದ್ದು ಬಯೋಸ್ ಅಪ್‌ಡೇಟ್ ಮೂಲಕವೇ.

ಕೊನೆಯ ವರ್ಷಗಳು

ಐಬಿಎಂ ಪಿಸಿ ಬಂದ ಮೇಲೂ ಕಿಲ್ಡಾಲ್ ಸುಮ್ಮನೆ ಕೂರಲಿಲ್ಲ. ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮವನ್ನು ಸಹ ನಿರೂಪಕರಾಗಿ ನಡೆಸಿಕೊಟ್ಟರು. ಇಡೀ ವಿಶ್ವಕೋಶವನ್ನು ಒಂದೇ ಸಿ.ಡಿ.ಯಲ್ಲಿ ತರುವ ಮೊದಲ ಪ್ರಯತ್ನಗಳಲ್ಲಿ ಅವರ ಕೈ ಇತ್ತು. 1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನೊವೆಲ್ ಕಂಪನಿ ಕೊಂಡಿತು. 1994ರ ಜುಲೈ 11ರಂದು, ತಲೆಗೆ ಪೆಟ್ಟಾದ ಕೆಲವೇ ದಿನಗಳಲ್ಲಿ, ಕಿಲ್ಡಾಲ್ ತೀರಿಕೊಂಡರು. ಆಗ ಅವರಿಗೆ 52 ವರ್ಷ.

ವಿಮಾನದ ಕತೆ ಅವರನ್ನು ಬದುಕಿದ್ದಾಗಲೇ ಕಾಡಿತ್ತು. ಅವರು ಬರೆದಿಟ್ಟ ಆತ್ಮಕತೆಯ ಮೊದಲ ಭಾಗ ಹೊರಬಂದದ್ದು 2016ರಲ್ಲಿ, ತೀರಿಕೊಂಡು 22 ವರ್ಷಗಳಾದ ಮೇಲೆ. ಅದಕ್ಕೂ ಮುನ್ನ, 2014ರ ಏಪ್ರಿಲ್‌ನಲ್ಲಿ, ಪೆಸಿಫಿಕ್ ಗ್ರೋವ್‌ನ ಹಳೆಯ ಕಚೇರಿಯ ಬಳಿ ಎಂಜಿನಿಯರ್‌ಗಳ ಸಂಸ್ಥೆ ಐಇಇಇ ಸಿಪಿ/ಎಂ ನೆನಪಿಗೆ ಫಲಕ ಹಾಕಿತು.

ಆ ಫಾರ್ವರ್ಡ್ ಇನ್ನೊಮ್ಮೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಕೊನೆಯಲ್ಲಿ ಒಂದು ಸಾಲು ಸೇರಿಸಿ. ಆ ದಿನ ಕಿಲ್ಡಾಲ್ ಕೆಲಸದ ಮೇಲೆ ಹೋಗಿದ್ದರು. ಡಿಸ್‌ಪ್ಲೇ ಬಾರದ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಹಾಕಿ ಸರಿಮಾಡಲು ಇಂದು ಸಾಧ್ಯವಾಗಿದ್ದರೆ, ಅದರಲ್ಲಿ ಅವರ ಪಾಲೂ ಇದೆ.