ಬಡಾವಣೆಯ ಹಿರಿಯರು: ಮಾಸ್ತಿ ವೆಂಕಟೇಶ ಅಯ್ಯಂಗಾರ್

ಊರಿನ ಇತಿಹಾಸವೆಂದರೆ ಕೋಟೆ, ಕೆರೆ, ಕಾಳಗಗಳ ಇತಿಹಾಸವೆಂದೇ ನಾವು ಬಹುಕಾಲದಿಂದ ಭಾವಿಸಿದ್ದೇವೆ. ಚಿತ್ರದುರ್ಗದ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಭರಮಸಾಗರದ ಸುತ್ತಮುತ್ತ ಬಾಳುವ ನಮಗೆ ಈ ಭಾವನೆ ಸಹಜವೇ. ಆದರೆ ಕೋಟೆ ಕಟ್ಟಿದವರಷ್ಟೇ ಊರನ್ನು ಕಟ್ಟಿದವರಲ್ಲ. ದಿನದ ಕೆಲಸ ಮುಗಿಸಿ ನೆರೆಯವರೊಡನೆ ಒಂದೆಡೆ ಕುಳಿತು, ನಗುತ್ತ ಮಾತನಾಡುತ್ತ, ಅನ್ಯರನ್ನು ಆಪ್ತರನ್ನಾಗಿ ಮಾಡಿಕೊಂಡ ಸಾಮಾನ್ಯ ಜನರೂ ಊರನ್ನು ಕಟ್ಟಿದವರೇ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಕನ್ನಡದ ಆಸ್ತಿಯೆಂದು ನಾಡು ಮನ್ನಿಸಿದ ಮಾಸ್ತಿಯವರ ಜೀವನವನ್ನು ಈ ದೃಷ್ಟಿಯಿಂದ ಸ್ಮರಿಸಬಯಸುತ್ತೇವೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರ ಜೂನ್ 6ರಂದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನಿಸಿದರು. ಮನೆಮಾತು ತಮಿಳು, ಮನೆಯಲ್ಲಿ ಬಡತನ. ಬಂಧುಗಳ ಆಶ್ರಯದಲ್ಲಿ ಊರಿಂದೂರಿಗೆ ಹೋಗಿ ಓದಿದ ಆ ಬಾಲಕ 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದು, ಮೈಸೂರು ಸಂಸ್ಥಾನದ ಸಿವಿಲ್ ಸೇವೆಗೆ ಸೇರಿದರು. ಹಗಲೆಲ್ಲ ಸರ್ಕಾರದ ಕಡತಗಳ ಕೆಲಸ, ಬಿಡುವಿನಲ್ಲಿ ಸಾಹಿತ್ಯ. ಶ್ರೀನಿವಾಸ ಎಂಬ ಕಾವ್ಯನಾಮದಿಂದ ಅವರು ಬರೆದ ಸಣ್ಣಕಥೆಗಳು ಕನ್ನಡದಲ್ಲಿ ಆ ಪ್ರಕಾರಕ್ಕೆ ಭದ್ರವಾದ ಬುನಾದಿಯನ್ನು ಹಾಕಿದವು. 1929ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು.

ಅವರು ನೆಲೆಸಿದ್ದು ಬೆಂಗಳೂರಿನ ಬಸವನಗುಡಿಯ ಪಕ್ಕದ ಗವಿಪುರದಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದೆರಗಿದಾಗ, ಇಕ್ಕಟ್ಟಾದ ಹಳೆಯ ಪೇಟೆಯ ಜನರಿಗಾಗಿ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಅಗಲವಾದ ಬೀದಿಗಳೂ ಸಾಲುಮರಗಳೂ ಗಾಳಿಬೆಳಕಿನ ಮನೆಗಳೂ ಅಲ್ಲಿ ದೊರೆತವು. ಆದರೆ ತಲೆಮಾರುಗಳಿಂದ ಬಂದ ನೆರೆಹೊರೆಯ ಬಾಂಧವ್ಯವನ್ನು ಯಾವ ಸರ್ಕಾರವೂ ನಕ್ಷೆಯಲ್ಲಿ ಬರೆದು ಕೊಡಲಾರದು. ಅದನ್ನು ಅಲ್ಲಿಗೆ ಬಂದವರೇ ಹೊಸದಾಗಿ ಬೆಳೆಸಬೇಕಾಯಿತು. ದಂಡು ಪ್ರದೇಶದ ಕ್ಲಬ್ಬುಗಳು ಆಂಗ್ಲ ಅಧಿಕಾರಿಗಳಿಗೆ ಮೀಸಲಾಗಿದ್ದ ಕಾಲವದು. 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸೆಂಚುರಿ ಕ್ಲಬ್ ಸ್ಥಾಪನೆಯಾಯಿತು. ಬಡಾವಣೆಗಳಲ್ಲಿಯೂ ಕ್ಲಬ್ಬುಗಳು, ವಾಚನಾಲಯಗಳು, ಸಂಘಗಳು ತಲೆಯೆತ್ತಿದವು. 1945ರಲ್ಲಿ ಡಿ.ವಿ.ಜಿ.ಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಸವನಗುಡಿಯೇ ಅದರ ನೆಲೆಯಾಯಿತು.

ಬಸವನಗುಡಿಯ ಕ್ಲಬ್ಬಿಗೆ ಮಾಸ್ತಿಯವರು ಸಂಜೆಯ ವೇಳೆ ಹೋಗುತ್ತಿದ್ದುದು ಆ ಭಾಗದವರಿಗೆಲ್ಲ ಪರಿಚಿತವಾದ ದೃಶ್ಯ. ಕೋಟು, ಪೇಟ, ಕೈಯಲ್ಲೊಂದು ಕೊಡೆ. ಅಲ್ಲಿ ಗೆಳೆಯರೊಡನೆ ಇಸ್ಪೀಟಾಟ, ಲೋಕಾಭಿರಾಮದ ಮಾತು.

ಇಸ್ಪೀಟೆಂದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುವುದುಂಟು. ಅದು ತಪ್ಪಲ್ಲ, ಜೂಜಿನಿಂದ ಹಾಳಾದ ಸಂಸಾರಗಳನ್ನು ಕಣ್ಣಾರೆ ಕಂಡವರು ನಾವು. ಆದರೆ ಮಾಸ್ತಿಯವರ ಬಾಳಿನಲ್ಲಿ ಎಲೆಗಳ ಆಟ ದುಡಿಮೆಯನ್ನು ನುಂಗಲಿಲ್ಲ. ನೂರಕ್ಕೂ ಹೆಚ್ಚು ಗ್ರಂಥಗಳನ್ನು ರಚಿಸಿದ ಕೈಗಳೇ ಆ ಎಲೆಗಳನ್ನೂ ಹಿಡಿದವು. ಮಿತವನ್ನರಿತವನಿಗೆ ವಿನೋದವು ವಿಶ್ರಾಂತಿಯಾಗುತ್ತದೆ, ಮಿತವಿಲ್ಲದವನಿಗೆ ಅದೇ ವ್ಯಸನವಾಗುತ್ತದೆ.

ಅವರ ಜೀವನದಲ್ಲಿ ಕಹಿಯೂ ಇತ್ತು. 26 ವರ್ಷಗಳಿಗೂ ಮೀರಿ ನಿಷ್ಠೆಯಿಂದ ಸೇವೆ ಸಲ್ಲಿಸಿದ್ದರೂ ತಮಗೆ ನ್ಯಾಯವಾಗಿ ಸಲ್ಲಬೇಕಾದ ಉನ್ನತ ಸ್ಥಾನ ಕಿರಿಯರೊಬ್ಬರಿಗೆ ಸಂದಿತೆಂದು ನೊಂದು, 1943ರಲ್ಲಿ ಅವರು ಹುದ್ದೆಗೆ ರಾಜೀನಾಮೆ ಕೊಟ್ಟರು. ಅಧಿಕಾರ ಹೋದೊಡನೆ ಕುಗ್ಗಿ ಮನೆಯ ಮೂಲೆ ಸೇರುವವರು ಎಷ್ಟು ಮಂದಿಯಿಲ್ಲ! ಮಾಸ್ತಿಯವರು ಹಾಗಾಗಲಿಲ್ಲ. 1944ರಿಂದ 1965ರವರೆಗೆ ಜೀವನ ಮಾಸಪತ್ರಿಕೆಯ ಸಂಪಾದಕತ್ವವನ್ನು ಹೊತ್ತರು. ಕಚೇರಿಯ ಕುರ್ಚಿ ಪದವಿಯೊಡನೆ ಹೋಗುತ್ತದೆ. ನೆರೆಹೊರೆಯ ನಡುವೆ ಗಳಿಸಿದ ಸ್ಥಾನವನ್ನು ಯಾರೂ ಕಸಿಯಲಾರರು.

ಅವರ ಎರಡು ಐತಿಹಾಸಿಕ ಕಾದಂಬರಿಗಳೂ ನಮ್ಮ ಗಮನಕ್ಕೆ ಯೋಗ್ಯವಾಗಿವೆ. ಚೆನ್ನಬಸವನಾಯಕ 1763ರಲ್ಲಿ ಹೈದರಾಲಿಯ ವಶವಾದ ಬಿದನೂರಿನ ಕಥೆ. ಅದೇ ಹೈದರಾಲಿ 1779ರಲ್ಲಿ ನಮ್ಮ ದುರ್ಗವನ್ನೂ ಗೆದ್ದನೆಂಬುದನ್ನು ವಾಚಕರು ಬಲ್ಲರು. ಚಿಕವೀರ ರಾಜೇಂದ್ರ 1834ರಲ್ಲಿ ಆಂಗ್ಲರ ಕೈಸೇರಿದ ಕೊಡಗಿನ ಕಥೆ. ಹೊರಗಿನ ಶತ್ರು ಬಾಗಿಲಿಗೆ ಬರುವ ಮುನ್ನವೇ ಒಳಗಿನವರ ಪರಸ್ಪರ ವಿಶ್ವಾಸ ಮುರಿದುಬಿದ್ದಿರುತ್ತದೆ ಎಂಬ ಅರಿವು ಇವುಗಳನ್ನು ಓದಿದಾಗ ನಮಗಾಗುತ್ತದೆ. ನೆರೆಯವರೊಡನೆ ಬೆರೆತು ಬಾಳಿದ ಲೇಖಕರು ಈ ಪತನಗಳನ್ನು ಕುರಿತು ಬರೆದದ್ದು ಉಚಿತವೇ ಆಗಿದೆ.

1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿಕೊಂಡು ಬಂದಾಗ ಅವರು ತೊಂಬತ್ತನ್ನು ದಾಟಿದ್ದರು. ನಾಡಿನ ಮಹಾಪುರುಷರಾದ ಮೇಲೂ ಅವರು ಬಡಾವಣೆಯ ಹಿರಿಯರಾಗಿಯೇ ಉಳಿದರು. 1986ರ ಜೂನ್ 6ರಂದು, ಹುಟ್ಟಿದ ದಿನದಂದೇ, ತಮ್ಮ 95 ವರ್ಷಗಳ ತುಂಬು ಬಾಳನ್ನು ಮುಗಿಸಿದರು.

ಇಂದು ನಮ್ಮ ಊರುಗಳಲ್ಲಿಯೂ ಹೊಸ ಬಡಾವಣೆಗಳು ಏಳುತ್ತಿವೆ. ಗೋಡೆಗಳು ಎತ್ತರವಾಗಿ, ಜಗಲಿಗಳು ಮಾಯವಾಗುತ್ತಿವೆ. ಪಕ್ಕದ ಮನೆಯವರ ಹೆಸರನ್ನೇ ಅರಿಯದವರು ಇತಿಹಾಸವನ್ನು ಹೇಗೆ ಬರೆದಾರು? ಧರ್ಮಕೇಂದ್ರದ ನೂರು ವರ್ಷಗಳನ್ನು ಎಣಿಸುವಾಗ ಕಲ್ಲುಕಟ್ಟಡದ ವಯಸ್ಸನ್ನಷ್ಟೇ ಎಣಿಸದೆ, ಪೂಜೆಯ ಬಳಿಕ ಅಂಗಳದಲ್ಲಿ ನಿಂತು ಒಬ್ಬರ ಕ್ಷೇಮವನ್ನೊಬ್ಬರು ವಿಚಾರಿಸಿದ ಹಿರಿಯರನ್ನೂ ನೆನೆಯೋಣ. ಅವರ ನೆನಪುಗಳನ್ನು ಈಗಲೇ ಕೇಳಿ ಬರೆದಿಡೋಣ. ಸಂಜೆಯ ಒಂದು ಗಳಿಗೆಯನ್ನು ನೆರೆಯವರಿಗಾಗಿ ಮೀಸಲಿಡೋಣ. ಮಾಸ್ತಿಯವರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಗೌರವ ಅದೇ.