ರಿಪೋರ್ಟ್‌ನಲ್ಲಿ 'ಅಸಹಜ ಹಿಮೋಗ್ಲೋಬಿನ್' ಎಂದಿದ್ದರೆ ಕಾಯಿಲೆಯೇ? ಹರ್ಮನ್ ಲೇಮನ್ ಬದುಕಿನಲ್ಲಿದೆ ಉತ್ತರ

ಶುಗರ್ ಟೆಸ್ಟ್ ಅಥವಾ ಗರ್ಭಿಣಿಯರ ತಪಾಸಣೆಯ ರಿಪೋರ್ಟ್‌ನಲ್ಲಿ 'ಅಸಹಜ ಹಿಮೋಗ್ಲೋಬಿನ್' ಎಂಬ ಪದ ಕಂಡರೆ ಮನೆಮಂದಿಗೆಲ್ಲ ಗಾಬರಿ. ಕೆಲವರು ಮದುವೆ ಮಾತುಕತೆಯನ್ನೇ ನಿಲ್ಲಿಸುತ್ತಾರೆ. ಆದರೆ ಈ ಹೆಸರು ಕಾಣಿಸಿದ ಮಾತ್ರಕ್ಕೆ ಕಾಯಿಲೆ ಇದೆ ಎಂದರ್ಥವಲ್ಲ. ಇದನ್ನು ಜಗತ್ತಿಗೆ ತಿಳಿಸಿದವರಲ್ಲಿ ಪ್ರಮುಖರು ಹರ್ಮನ್ ಲೇಮನ್.

ಲೇಮನ್ ಹುಟ್ಟಿದ್ದು 1910ರಲ್ಲಿ, ಜರ್ಮನಿಯ ಹಾಲೆ ನಗರದಲ್ಲಿ. ಅವರು ಯಹೂದಿ. ವೈದ್ಯಶಾಸ್ತ್ರ ಓದಿದ್ದರೂ ಹಿಟ್ಲರ್ ಆಳ್ವಿಕೆಯಲ್ಲಿ ಅಲ್ಲಿ ಬದುಕು ಕಷ್ಟವಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಯುದ್ಧ ಶುರುವಾದಾಗ, ಜರ್ಮನ್ ಮೂಲದವರೆಂಬ ಕಾರಣಕ್ಕೆ ಅವರನ್ನೂ ಸ್ವಲ್ಪ ಕಾಲ ಬಂಧನದಲ್ಲಿಟ್ಟರು! ನಂತರ ಅದೇ ಬ್ರಿಟಿಷ್ ಸೇನೆಯ ವೈದ್ಯಕೀಯ ದಳದಲ್ಲಿ ಭಾರತಕ್ಕೆ ಬಂದರು. ಯುದ್ಧದ ಬಳಿಕ ಆಫ್ರಿಕಾದ ಉಗಾಂಡಾದಲ್ಲಿ ರಕ್ತಹೀನತೆಯ ಬಗ್ಗೆ ಕೆಲಸ ಮಾಡಿದರು.

1949ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ತಂಡ ಒಂದು ಮುಖ್ಯ ಸಂಗತಿ ಕಂಡುಕೊಂಡಿತ್ತು. ವಿದ್ಯುತ್ ಹರಿಸಿದಾಗ ಸಾಮಾನ್ಯ ಹಿಮೋಗ್ಲೋಬಿನ್ ಮತ್ತು ಕುಡುಗೋಲು ಕಣ ಕಾಯಿಲೆಯ 'ಎಸ್' ಹಿಮೋಗ್ಲೋಬಿನ್ ಬೇರೆ ಬೇರೆ ವೇಗದಲ್ಲಿ ಚಲಿಸುತ್ತವೆ. ಲಂಡನ್ನಿಗೆ ಮರಳಿದ ಲೇಮನ್ ಇದೇ ತತ್ವದ ಮೇಲೆ ಊರೂರಿನ ರಕ್ತವನ್ನು ಪರೀಕ್ಷಿಸಿದರು. ಒದ್ದೆ ಕಾಗದದ ಮೇಲೆ ಒಂದು ಹನಿ ಹಾಕಿ ವಿದ್ಯುತ್ ಹರಿಸಿದರೆ, ಬೇರೆ ಬಗೆಯ ಹಿಮೋಗ್ಲೋಬಿನ್ ಬೇರೆ ಜಾಗದಲ್ಲಿ ಪಟ್ಟಿಯಾಗಿ ನಿಲ್ಲುತ್ತದೆ.

1952ರಲ್ಲಿ ಲೇಮನ್ ಮತ್ತು ಮೇರಿ ಕಟ್‌ಬುಷ್, ನಮ್ಮ ಚಾಮರಾಜನಗರಕ್ಕೆ ಹೊಂದಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ 'ಎಸ್' ಇರುವುದನ್ನು ಪ್ರಕಟಿಸಿದರು. ಆಗ ಅದನ್ನು ಹೆಚ್ಚಾಗಿ ಆಫ್ರಿಕಾ ಮೂಲದವರದ್ದೆಂದು ನಂಬಿದ್ದರು.

ಆದರೆ ಇಲ್ಲೊಂದು ತೊಡಕಿತ್ತು. ಪಂಜಾಬಿನ ಕಡೆ ಕಾಣುವ 'ಡಿ' ಎಂಬ ಹಿಮೋಗ್ಲೋಬಿನ್, ಈ ಪರೀಕ್ಷೆಯಲ್ಲಿ 'ಎಸ್' ನಿಂತ ಜಾಗದಲ್ಲೇ ನಿಲ್ಲುತ್ತದೆ. ಎರಡರ ವಿದ್ಯುದಾವೇಶ ಒಂದೇ. 'ಡಿ'ಯ ಒಂದೇ ಪ್ರತಿ ಇರುವವರು ಆರೋಗ್ಯವಾಗಿಯೇ ಇರುತ್ತಾರೆ. ಪಟ್ಟಿ ಮಾತ್ರ ನೋಡಿದರೆ ಅವರ ಮೇಲೂ ಕುಡುಗೋಲು ಕಣದ ಹಣೆಪಟ್ಟಿ! ಹಾಗಾಗಿ ಎರಡನೇ ಪರೀಕ್ಷೆ ಬೇಕು. ಆಮ್ಲಜನಕ ಕಡಿಮೆ ಮಾಡಿದಾಗ 'ಎಸ್' ಇರುವ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, 'ಡಿ' ಇರುವ ಕಣ ಬಾಗುವುದಿಲ್ಲ. ಆಮ್ಲೀಯ ದ್ರಾವಣದಲ್ಲಿ ಪರೀಕ್ಷಿಸಿದರೂ ಇವೆರಡು ಬೇರೆಯಾಗುತ್ತವೆ.

1963ರಲ್ಲಿ ಲೇಮನ್ ಕೇಂಬ್ರಿಜ್‌ಗೆ ಮರಳಿದರು. ಹಲವು ದೇಶಗಳ ಆಸ್ಪತ್ರೆಗಳಿಂದ ಅವರ ಲ್ಯಾಬಿಗೆ ರಕ್ತದ ಮಾದರಿಗಳು ಬರುತ್ತಿದ್ದವು. ಅವರ ತಂಡ ಹತ್ತಾರು ಹೊಸ ಬಗೆಗಳನ್ನು ಗುರುತಿಸಿತು. 1972ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವ ಸಿಕ್ಕಿತು. 1985ರಲ್ಲಿ ತೀರಿಕೊಂಡರು. ಇಂದು ಸಾವಿರಕ್ಕೂ ಹೆಚ್ಚು ಬಗೆಗಳು ಗೊತ್ತಿವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿ.

ಹಾಗಾದರೆ ನೀವೇನು ಮಾಡಬೇಕು?

ರಿಪೋರ್ಟ್‌ನಲ್ಲಿ ಇಂಥ ಹೆಸರಿದ್ದರೆ ಯಾವ ಬಗೆ, ಎರಡನೇ ವಿಧಾನದಲ್ಲಿ ಖಚಿತವಾಗಿದೆಯೇ ಎಂದು ವೈದ್ಯರನ್ನು ಕೇಳಿ. ಕೆಲವು ಬಗೆಗಳು ಶುಗರ್‌ನ ಎಚ್‌ಬಿಎ1ಸಿ ಲೆಕ್ಕವನ್ನೂ ತಪ್ಪಿಸಬಹುದು, ಅದನ್ನೂ ವಿಚಾರಿಸಿ. ಅದು ನಿಮಗೆ ನಿರುಪದ್ರವಿಯಾದರೂ ಮಗು ಬಯಸುವವರು ಸಂಗಾತಿಯ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಒಬ್ಬರಲ್ಲಿ 'ಡಿ', ಇನ್ನೊಬ್ಬರಲ್ಲಿ 'ಎಸ್' ಇದ್ದು ಎರಡೂ ಮಗುವಿಗೆ ಬಂದರೆ ಕಾಯಿಲೆಯಾಗಬಹುದು. ಪ್ರತಿ ಗರ್ಭಧಾರಣೆಯಲ್ಲೂ ಇದರ ಸಾಧ್ಯತೆ ನಾಲ್ಕರಲ್ಲಿ ಒಂದು.

'ಅಸಹಜ ರಕ್ತ ಇರುವವರನ್ನು ಮದುವೆಯಾಗಬೇಡಿ' ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು ಈ ಮಾಹಿತಿ ಕಳುಹಿಸಿ.